ದಕ್ಕೆಯ ಹಳೇ ಬೋಟಿಗೆ ಹೊಸ ಮೀಟರ್ ಬೋರ್ಡು

ಜೂನ್ 1ರಿಂದ ಜುಲೈ 31ರ ತನಕ, ಒಟ್ಟು 61 ದಿನ, ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಮಂಗಳೂರಿನ ಹಳೆ ಬಂದರಿನ ದಕ್ಕೆಯಲ್ಲೂ ಹೊಳೆಯಾಚೆಯ ಬೆಂಗ್ರೆಯ ದಂಡೆಯಲ್ಲೂ ಟ್ರಾಲ್ ಬೋಟುಗಳು, ಪರ್ಸೀನ್ ಬೋಟುಗಳು ಒಂದಕ್ಕೊಂದು ಮೈ ತಾಗಿಸಿ ನಿಲ್ಲುತ್ತವೆ. ಮಳೆ ಬಿಟ್ಟ ಹೊತ್ತಿನಲ್ಲಿ ಬಲೆ ಹೆಣೆಯುವವರು, ಪಾತಿಯ ಸಂದು ಮುಚ್ಚುವವರು, ವೆಲ್ಡಿಂಗಿನವರು, ಬಣ್ಣ ಬಳಿಯುವವರು ಕೆಲಸಕ್ಕಿಳಿಯುತ್ತಾರೆ. ಮಾಲೀಕರ ಕೈಯಲ್ಲಿ ಒಂದು ಪಟ್ಟಿ ಇರುತ್ತದೆ: ಎಂಜಿನ್ ಬಿಚ್ಚಿಸಬೇಕು, ಪ್ರೊಪೆಲ್ಲರ್ ಶಾಫ್ಟ್ ನೋಡಿಸಬೇಕು, ವಿಂಚ್ ರಿಪೇರಿ, ಹೊಸ ಬಲೆ, ಐಸ್ ಬಾಕ್ಸಿನ ತೇಪೆ. ಆ ಪಟ್ಟಿಯ ತುದಿಯಲ್ಲಿ ಉಳಿದುಬಿಡುವುದು, ಎಷ್ಟೋ ಸಲ ಪಟ್ಟಿಗೇ ಬಾರದೆ ಹೋಗುವುದು ಕ್ಯಾಬಿನ್ನಿನ ಮೀಟರ್ ಬೋರ್ಡು.

ಹತ್ತು ಹದಿನೈದು ವರ್ಷ ದುಡಿದ ಬೋಟಿನ ಕ್ಯಾಬಿನ್ನಿಗೆ ಹೋಗಿ ನಿಂತರೆ ಈ ತಾರತಮ್ಯ ಕಣ್ಣಿಗೆ ರಾಚುತ್ತದೆ. ಮೇಲಿನ ಹಲಗೆಯ ಮೇಲೆ ಜಿಪಿಎಸ್, ಫಿಶ್ ಫೈಂಡರ್, ವಿಎಚ್‌ಎಫ್ ವಯರ್‌ಲೆಸ್. ಎಲ್ಲವೂ ಹೊಸತು, ಎಲ್ಲಕ್ಕೂ ಪ್ಲಾಸ್ಟಿಕ್ ಹೊದಿಕೆ. ಅವು ಮೀನು ತೋರಿಸುತ್ತವೆ, ಬಲೆ ಸಿಕ್ಕಿಕೊಳ್ಳುವ ಕಲ್ಲಿನ ಜಾಗ ನೆನಪಿಟ್ಟುಕೊಳ್ಳುತ್ತವೆ, ಹಾಕಿದ ದುಡ್ಡನ್ನು ದುಡಿದು ಕೊಡುತ್ತವೆ. ಅವುಗಳ ಕೆಳಗೆ, ಚುಕ್ಕಾಣಿಯ ಮುಂದೆ, ಎಂಜಿನ್ನಿನ ಮೀಟರುಗಳು. ಬಿಸಿಲಿಗೆ ಹಳದಿಯಾದ ಮುಖ, ಗಾಜಿನೊಳಗೆ ನೀರಿನ ಆವಿ, ಸೊನ್ನೆಯಲ್ಲೇ ಮಲಗಿದ ಟೆಂಪರೇಚರ್ ಮುಳ್ಳು, ಯಾವುದಕ್ಕೆಂದು ಯಾರಿಗೂ ಗೊತ್ತಿಲ್ಲದ ಎರಡು ಸ್ವಿಚ್ಚುಗಳು, ಕಪ್ಪು ಟೇಪು ಸುತ್ತಿದ ಒಂದು ವಯರ್ ಗೊಂಚಲು. ಇಷ್ಟಿದ್ದೂ ಬೋಟು ಓಡುತ್ತದೆ. ಅದಕ್ಕೇ ಬೋರ್ಡಿನ ಸರದಿ ಮುಂದಿನ ವರ್ಷಕ್ಕೆ ಹೋಗುತ್ತದೆ.

ಬೋಟು ನಡೆಸುವ ಅನುಭವಸ್ಥ ತಾಂಡೇಲರು ಎಂಜಿನ್ನಿನ ಸದ್ದು ಕೇಳಿಯೇ ಅದರ ಆರೋಗ್ಯ ಹೇಳುತ್ತಾರೆ. ಬಲೆ ಭಾರವಾದದ್ದು, ಪ್ರೊಪೆಲ್ಲರಿಗೆ ಹಗ್ಗ ಸುತ್ತಿದ್ದು, ಇಂಜೆಕ್ಟರ್ ಒಂದು ಸರಿಯಾಗಿ ಸಿಂಪಡಿಸದೆ ಇರುವುದು ಅವರಿಗೆ ಕಾಲಡಿಯ ಹಲಗೆಯ ನಡುಕದಲ್ಲೇ ತಿಳಿಯುತ್ತದೆ. ಆ ವಿದ್ಯೆಯ ಮೇಲೆ ನನಗೆ ಪೂರ್ಣ ಗೌರವವಿದೆ. ಆದರೆ ಆಯಿಲ್ ಪ್ರೆಷರ್ ಇಳಿಯುವಾಗ ಸದ್ದು ಬರುವುದಿಲ್ಲ. ಬೇರಿಂಗ್ ಬಡಿಯುವ ಸದ್ದು ಕೇಳುವ ಹೊತ್ತಿಗೆ ಲೋಹ ಲೋಹಕ್ಕೆ ಉಜ್ಜಿ ಆಗಿರುತ್ತದೆ, ಕ್ರ್ಯಾಂಕ್‌ಶಾಫ್ಟಿಗೆ ಗೀರು ಬಿದ್ದಿರುತ್ತದೆ. ಸಮುದ್ರದ ನೀರೆಳೆಯುವ ಪಂಪಿನ ರಬ್ಬರ್ ಇಂಪೆಲ್ಲರ್ ಹರಿದುಹೋದಾಗಲೂ ಅಷ್ಟೆ. ಎಂಜಿನ್ನು ಮೊದಲ ಕೆಲವು ನಿಮಿಷ ಎಂದಿನಂತೆಯೇ ಹಾಡುತ್ತಿರುತ್ತದೆ. ಸದ್ದು ಹೇಳದ ಈ ಎರಡು ಸಂಗತಿಗಳನ್ನು ಹೇಳುವುದಕ್ಕೇ ಮೀಟರು ಇರುವುದು.

ಮಂಗಳೂರಿನಲ್ಲಿ ಕೆಟ್ಟ ಮೀಟರಿನ ಬೆಲೆ ಎಲ್ಲಿ ತೆರಬೇಕಾಗುತ್ತದೆ ಎಂಬುದು ದಕ್ಕೆಯವರಿಗೆಲ್ಲ ಗೊತ್ತು: ಅಳಿವೆ ಬಾಗಿಲಿನಲ್ಲಿ. ನೇತ್ರಾವತಿಯೂ ಫಲ್ಗುಣಿಯೂ ಕೂಡಿ ಕಡಲಿಗೆ ಬೀಳುವ ಆ ಬಾಯಲ್ಲಿ ಮರಳು ಪ್ರತಿ ಮಳೆಗಾಲಕ್ಕೆ ಜಾಗ ಬದಲಿಸುತ್ತದೆ. ಒಳಬರುವ ಅಲೆಗೂ ಹೊರಹೋಗುವ ಹೊಳೆಗೂ ಜಟಾಪಟಿ ಆಗುವ ಜಾಗ ಅದು. ತಗ್ಗು ನೀರಿನಲ್ಲಿ ಅಲೆ ಒಡೆಯುತ್ತಿರುವಾಗ ಎಂಜಿನ್ನು ನಿಂತರೆ ಲಂಗರು ಹಾಕಲು, ಪಕ್ಕದ ಬೋಟಿನವರಿಗೆ ಹಗ್ಗ ಎಸೆಯಲು ಸಿಗುವ ಸಮಯ ಬಹಳ ಕಡಿಮೆ. ಎಂಟು ಹತ್ತು ದಿನ ಆಳ ಸಮುದ್ರದಲ್ಲಿ ದುಡಿದು ಮೀನು ತುಂಬಿಸಿಕೊಂಡು ಬಂದ ಬೋಟಿನ ಎಂಜಿನ್ನು ಅಲ್ಲಿ ತನ್ನ ಪೂರ್ತಿ ಬಲ ಕೊಡಬೇಕು. ಕೊಡುತ್ತದೆಯೋ ಇಲ್ಲವೋ ಎಂಬ ಸೂಚನೆ ಬಾಗಿಲಿಗೆ ಬರುವ ಎಷ್ಟೋ ತಾಸು ಮೊದಲೇ ಬೋರ್ಡಿನ ಮೇಲೆ ಇರಬೇಕು.

ಔಟ್‌ಬೋರ್ಡ್ ಎಂಜಿನ್ ಕಟ್ಟಿದ ನಾಡದೋಣಿಯವರಿಗೆ ಈ ಬೋರ್ಡೇ ಇಲ್ಲ. ಆದರೆ ಅವರ ಎಂಜಿನ್ನಿನ ಹಿಂಬದಿಯಿಂದ ಸಣ್ಣ ನೀರಿನ ಧಾರೆಯೊಂದು ಚಿಮ್ಮುತ್ತಿರುತ್ತದೆ. ಧಾರೆ ಇದ್ದರೆ ಎಂಜಿನ್ನಿಗೆ ತಂಪು ನೀರು ಹರಿಯುತ್ತಿದೆ ಎಂದರ್ಥ, ನಿಂತರೆ ಕೂಡಲೆ ಎಂಜಿನ್ ಬಂದ್. ಈ ಮೀಟರಿಗೆ ತಂತಿ, ಸೆನ್ಸರ್, ಫ್ಯೂಸು ಯಾವುದೂ ಬೇಡ. ದೊಡ್ಡ ಬೋಟಿನಲ್ಲಿ ಎಂಜಿನ್ನು ಕೆಳಗೆ, ತಾಂಡೇಲ ಮೇಲೆ. ನಡುವೆ ಆರೆಂಟು ಮೀಟರ್ ವಯರ್. ತಾಪತ್ರಯ ಶುರುವಾಗುವುದು ಆ ವಯರಿನಲ್ಲಿ.

ಹಳೆ ಬೋರ್ಡು ಬಿಚ್ಚುವ ಮೊದಲು ಒಂದು ಸಂಗತಿ ಮನಸ್ಸಿಗೆ ಗಟ್ಟಿಯಾಗಬೇಕು. ಇವತ್ತು ಹೆಚ್ಚಿನ ಡೀಸೆಲ್ ಬೋಟುಗಳಲ್ಲಿರುವ ಎಲೆಕ್ಟ್ರಿಕ್ ಮೀಟರುಗಳು ಎಂಜಿನ್ನಿಗೆ ಕೂರಿಸಿದ ಸೆನ್ಸರಿನ ವಿದ್ಯುತ್ ತಡೆಯನ್ನು ಅಳೆದು ಮುಳ್ಳು ತಿರುಗಿಸುತ್ತವೆ. ಯುರೋಪಿನ ವಿಡಿಒ ಮಾದರಿಯ ಪ್ರೆಷರ್ ಸೆನ್ಸರಿನಲ್ಲಿ ಒತ್ತಡ ಸೊನ್ನೆ ಇದ್ದಾಗ ತಡೆ ಸುಮಾರು 10 ಓಮ್, ಪೂರ್ತಿ ಒತ್ತಡದಲ್ಲಿ ಸುಮಾರು 180 ಓಮ್. ಈಗ ಸೆನ್ಸರಿನಿಂದ ಮೇಲೆ ಬರುವ ವಯರ್ ಕಡಿಯಿತು ಎನ್ನಿ. ಕಡಿದ ತಂತಿಯ ತಡೆ ಅಳತೆಗೆ ಸಿಗದಷ್ಟು ಜಾಸ್ತಿ. ಮೀಟರು ಅದನ್ನು ಭಾರೀ ಒತ್ತಡ ಎಂದೇ ಓದುತ್ತದೆ, ಮುಳ್ಳು ಬಲತುದಿಗೆ ಹೋಗಿ ನಿಲ್ಲುತ್ತದೆ. ಟೆಂಪರೇಚರ್ ಸೆನ್ಸರಿನ ಲೆಕ್ಕ ಉಲ್ಟಾ: ಬಿಸಿ ಏರಿದಂತೆ ತಡೆ ಇಳಿಯುತ್ತದೆ. ಹಾಗಾಗಿ ಅದರ ವಯರ್ ಕಡಿದರೆ ಮುಳ್ಳು ತಣ್ಣಗಿನ ತುದಿಯಲ್ಲಿ ಮಲಗುತ್ತದೆ. ಅಂದರೆ ವಯರ್ ಕಡಿದ ಬೋರ್ಡು ತಾಂಡೇಲನಿಗೆ ಹೇಳುವುದು ಇಷ್ಟು: ಆಯಿಲ್ ಬೇಕಾದಷ್ಟಿದೆ, ಎಂಜಿನ್ ತಂಪಾಗಿದೆ. ಎರಡೂ ಸುಳ್ಳು, ಎರಡೂ ಸಮಾಧಾನದ ಸುಳ್ಳು. ಕೂಲಿಂಗ್ ನೀರು ಪೂರ್ತಿ ಸೋರಿಹೋದಾಗಲೂ ಇದೇ ಅಪಾಯ. ನೀರಿನಲ್ಲಿ ಮುಳುಗಿರಬೇಕಾದ ಸೆನ್ಸರು ಖಾಲಿ ಜಾಗದಲ್ಲಿ ಉಳಿದು, ಎಂಜಿನ್ ಸುಡುತ್ತಿದ್ದರೂ ಕಡಿಮೆ ಬಿಸಿ ತೋರಿಸಬಹುದು.

ಹೊಸ ಬೋರ್ಡಿಗೆ ಮೊದಲು ಅಲಾರಂ ಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಮೀಟರಿನ ಸೆನ್ಸರಿಗೆ ಸಂಬಂಧವಿಲ್ಲದೆ ಎಂಜಿನ್ನಿಗೆ ಬೇರೆಯದೇ ಎರಡು ಸ್ವಿಚ್ಚುಗಳನ್ನು ಕೂರಿಸಬೇಕು. ಒಂದು, ಆಯಿಲ್ ಪ್ರೆಷರ್ ನಿಗದಿತ ಮಟ್ಟಕ್ಕಿಂತ ಇಳಿದರೆ ಕೂಡಿಕೊಳ್ಳುವುದು. ಇನ್ನೊಂದು, ಬಿಸಿ ಸುಮಾರು 95 ಡಿಗ್ರಿ ದಾಟಿದರೆ ಕೂಡಿಕೊಳ್ಳುವುದು. ನಿಖರವಾದ ಅಂಕೆಯನ್ನು ಎಂಜಿನ್ನಿನ ಪುಸ್ತಕ ನೋಡಿಯೇ ಆರಿಸಬೇಕು. ಎರಡೂ ಸೇರಿ ಒಂದು ಬಜರ್ ಕೂಗಿಸಬೇಕು, ಒಂದು ಕೆಂಪು ದೀಪ ಹೊತ್ತಿಸಬೇಕು. ಬಜರ್ ಸದ್ದು ವಿಂಚ್ ತಿರುಗುವಾಗಲೂ ಡೆಕ್ಕಿನ ಮೇಲಿನ ಕಲಾಸಿಗೆ ಕೇಳುವಷ್ಟು ಜೋರಾಗಿರಬೇಕು. ಈ ಏರ್ಪಾಟಿನಲ್ಲಿ ಒಂದು ಸೊಗಸಿದೆ. ಚಾವಿ ತಿರುಗಿಸಿ ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಆಯಿಲ್ ಒತ್ತಡ ಸೊನ್ನೆ ಇರುವುದರಿಂದ ಬಜರ್ ಕೂಗಲೇಬೇಕು. ಕೂಗಿತೆಂದರೆ ಆ ಸ್ವಿಚ್ಚು, ವಯರು, ಫ್ಯೂಸು, ಬಜರು ನಾಲ್ಕೂ ಸರಿ ಇವೆ ಎಂದು ದಿನವೂ ಖಾತ್ರಿ. ಕೂಗದಿದ್ದರೆ ಏನೋ ಕೆಟ್ಟಿದೆ, ಅದನ್ನು ದಕ್ಕೆಯಲ್ಲೇ ಹುಡುಕಬೇಕು. ಬೆಳಿಗ್ಗೆ ಕಿರಿಕಿರಿ ಎಂದು ಬಜರಿನ ವಯರ್ ಎಳೆದುಹಾಕುವ ಅಭ್ಯಾಸವೊಂದಿದೆ. ಅದು ನಿಲ್ಲಬೇಕು.

ಇನ್ನು ಮೀಟರು ನಿಜಕ್ಕೂ ಸತ್ತಿದೆಯೇ ಎಂದು ನೋಡುವ ಬಗೆ. ಮುಳ್ಳು ಅಲುಗದಿದ್ದರೆ ಅಂಗಡಿಗೆ ಹೋಗಿ ಹೊಸ ಮೀಟರು ತರುವುದು ವಾಡಿಕೆ. ಆದರೆ ಕೆಟ್ಟಿರುವುದು ಹೆಚ್ಚಾಗಿ ಅರ್ಥ್ ವಯರೋ ಸೆನ್ಸರೋ ಆಗಿರುತ್ತದೆ. ಚಾವಿ ಆನ್ ಮಾಡಿ, ಎಂಜಿನ್ ನಿಂತಿರುವಾಗಲೇ, ಸೆನ್ಸರಿನ ತಲೆಯಿಂದ ವಯರ್ ಕಳಚಬೇಕು. ಮುಳ್ಳು ಒಂದು ತುದಿಗೆ ಹೋಗಬೇಕು. ಅದೇ ವಯರನ್ನು ಕ್ಷಣಮಾತ್ರ ಎಂಜಿನ್ ಬ್ಲಾಕಿಗೆ ತಾಗಿಸಿದರೆ ಇನ್ನೊಂದು ತುದಿಗೆ ಹೋಗಬೇಕು. ಎರಡೂ ಕಡೆ ಓಡಿತೆಂದರೆ ಮೀಟರೂ ವಯರೂ ಸರಿಯಾಗಿವೆ, ಸೆನ್ಸರು ಹೋಗಿದೆ. ಅಲುಗಲೇ ಇಲ್ಲವೆಂದರೆ ಬೋರ್ಡಿನ ಹಿಂಬದಿಗೆ ಬಂದು ಮೀಟರಿನ ಕಾಲುಗಳಿಗೆ ಕರೆಂಟು, ಅರ್ಥ್ ಎರಡೂ ಬರುತ್ತಿವೆಯೇ ಎಂದು ಮಲ್ಟಿಮೀಟರ್ ಹಿಡಿದು ನೋಡಬೇಕು. ಎಲ್ಲ ಮೀಟರುಗಳೂ ಒಟ್ಟಿಗೇ ಹುಚ್ಚುಹುಚ್ಚಾಗಿ ಕುಣಿಯುತ್ತಿದ್ದರೆ ತಪ್ಪು ಬಹುತೇಕ ಸಾಮಾನ್ಯ ಅರ್ಥ್ ವಯರಿನದು. ಹತ್ತು ನಿಮಿಷದ ಈ ಪರೀಕ್ಷೆ ಮಾಡದೆ ಬೋರ್ಡು ಬದಲಿಸಿದವರ ಬೋಟಿನಲ್ಲಿ ಹೊಸ ಮೀಟರು ಹಳೆ ಸುಳ್ಳನ್ನೇ ಹೇಳುತ್ತಿರುತ್ತದೆ.

ಬದಲಿಸಲೇಬೇಕು ಎಂದಾದರೆ ಮೀಟರು, ಸೆನ್ಸರು ಜೋಡಿಯಾಗಿಯೇ ಬರಬೇಕು. ಅಮೆರಿಕದ ಪದ್ಧತಿಯಲ್ಲಿ ಡೀಸೆಲ್ ಟ್ಯಾಂಕ್ ಖಾಲಿ ಇದ್ದಾಗ 240 ಓಮ್, ತುಂಬಿದಾಗ 33 ಓಮ್. ಯುರೋಪಿನದರಲ್ಲಿ ಖಾಲಿಗೆ 10, ತುಂಬಿದ್ದಕ್ಕೆ 180. ಒಂದರ ಮೀಟರನ್ನು ಇನ್ನೊಂದರ ಸೆನ್ಸರಿಗೆ ಕಟ್ಟಿದರೆ ಡೀಸೆಲ್ ಕಡಿಮೆಯಾದಂತೆ ಮುಳ್ಳು ಮೇಲೇರುತ್ತದೆ. ಬಂದರಿನ ಅಂಗಡಿಗಳಲ್ಲಿ ಲಾರಿಯದು, ಟ್ರ್ಯಾಕ್ಟರಿನದು, ಬೋಟಿನದು ಎಂದು ಎಲ್ಲ ಬಗೆಯ ಮೀಟರು ಒಂದೇ ಕಪಾಟಿನಲ್ಲಿ ಸಿಗುತ್ತದೆ. ಮುಖ ಚೆಂದವಿದೆ, ತೂತಿಗೆ ಸರಿಯಾಗಿ ಕೂರುತ್ತದೆ ಎಂದು ಕೊಳ್ಳುವಂತಿಲ್ಲ. ಸೆನ್ಸರನ್ನು ಎಂಜಿನ್ನಿಗೆ ತಿರುಗಿಸುವ ಥ್ರೆಡ್ಡಿನ ಅಳತೆಯೂ ಹೊಂದಬೇಕು. ಹಳೆ ಸೆನ್ಸರನ್ನೇ ಬಿಚ್ಚಿ ಅಂಗಡಿಗೆ ಒಯ್ಯುವುದು ಒಳ್ಳೆಯದು. ಥ್ರೆಡ್ಡಿಗೆ ಟೆಫ್ಲಾನ್ ಟೇಪು ದಪ್ಪಗೆ ಸುತ್ತಿದರೆ ಸೆನ್ಸರಿನ ಮೈ ಎಂಜಿನ್ನಿಗೆ ತಾಗದೆ ಅರ್ಥ್ ತಪ್ಪಿಹೋಗಬಹುದು. ಇದೂ ಆಗಾಗ ಕಾಡುವ ತೊಂದರೆ.

ವೋಲ್ಟೇಜಿನ ಮಾತೂ ಇಲ್ಲೇ ಬರಬೇಕು. ಟ್ರಾಲ್ ಬೋಟುಗಳ ದೊಡ್ಡ ಎಂಜಿನ್ನುಗಳು ಹೆಚ್ಚಾಗಿ 24 ವೋಲ್ಟಿನವು, 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಕಟ್ಟಿರುತ್ತಾರೆ. 12 ವೋಲ್ಟಿನ ವಯರ್‌ಲೆಸ್ ಸೆಟ್ಟೋ ದೀಪವೋ ಬಂದಾಗ ಎರಡರಲ್ಲಿ ಒಂದು ಬ್ಯಾಟರಿಯಿಂದ ಮಾತ್ರ ವಯರ್ ಎಳೆದುಬಿಡುತ್ತಾರೆ. ಕೆಲಸ ನಡೆಯುತ್ತದೆ, ಆದರೆ ಆ ಒಂದು ಬ್ಯಾಟರಿ ಸದಾ ಅರೆಹೊಟ್ಟೆಯಲ್ಲಿ ಉಳಿಯುತ್ತದೆ, ಇನ್ನೊಂದಕ್ಕೆ ಚಾರ್ಜು ಮಿತಿಮೀರುತ್ತದೆ, ಕೆಲವೇ ತಿಂಗಳಲ್ಲಿ ಎರಡೂ ಕೈಕೊಡುತ್ತವೆ. 24ರಿಂದ 12 ವೋಲ್ಟಿಗೆ ಇಳಿಸುವ ಕನ್ವರ್ಟರ್ ಪೆಟ್ಟಿಗೆಗೆ ತಗಲುವ ಖರ್ಚು ಒಂದು ಜೋಡಿ ಬ್ಯಾಟರಿಯ ಮುಂದೆ ದೊಡ್ಡದಲ್ಲ.

ಹಳೆ ಬೋರ್ಡುಗಳಲ್ಲಿ ಕಾಣುವ ಆಂಪಿಯರ್ ಮೀಟರಿಗೆ ನಾನು ಹೊಸ ಬೋರ್ಡಿನಲ್ಲಿ ಜಾಗ ಕೊಡಲಾರೆ. ಆ ಮೀಟರು ಕೆಲಸ ಮಾಡಬೇಕಾದರೆ ಡೈನಮೋದ ಪೂರ್ತಿ ಚಾರ್ಜಿಂಗ್ ಕರೆಂಟು ಕ್ಯಾಬಿನ್ ತನಕ ಹತ್ತಿ, ಮೀಟರಿನ ಎರಡು ಬೋಲ್ಟುಗಳ ಮೂಲಕ ಹಾದು, ಮತ್ತೆ ಕೆಳಗಿಳಿಯಬೇಕು. ಒಂದು ಬೋಲ್ಟು ಸಡಿಲವಾದರೆ ಅಲ್ಲಿ ಬಿಸಿ, ಬಿಸಿಯಿಂದ ಕಿಡಿ. ಪಕ್ಕದಲ್ಲಿ ಬಣ್ಣ ಬಳಿದ ಮರ. ಅದರ ಬದಲು ವೋಲ್ಟ್ ಮೀಟರ್ ಹಾಕಿದರೆ ಸಣ್ಣ ವಯರ್ ಸಾಕು, ತಿಳಿಯುವುದೂ ಹೆಚ್ಚು. ಎಂಜಿನ್ ನಿಂತು ಕೆಲವು ತಾಸಾದ ಮೇಲೆ 25.4 ವೋಲ್ಟ್ ಆಸುಪಾಸಿದ್ದರೆ ಬ್ಯಾಟರಿ ತುಂಬಿದೆ. 24.4ಕ್ಕೆ ಬಂದಿದ್ದರೆ ಅರ್ಧ ಖಾಲಿ. ಎಂಜಿನ್ ಓಡುವಾಗ 27.5ರಿಂದ 28.5ರ ನಡುವೆ ಇರಬೇಕು. 25 ದಾಟುತ್ತಿಲ್ಲವೆಂದರೆ ಚಾರ್ಜ್ ಆಗುತ್ತಿಲ್ಲ, 30ರತ್ತ ಹೋಗುತ್ತಿದೆ ಎಂದರೆ ರೆಗ್ಯುಲೇಟರ್ ಕೆಟ್ಟು ಬ್ಯಾಟರಿ ಕುದಿಯುತ್ತಿದೆ.

ಇದಕ್ಕೆ ವಿರುದ್ಧವಾಗಿ, ಹಳತರಲ್ಲಿ ಉಳಿಸಿಕೊಳ್ಳಲೇಬೇಕಾದ ಒಂದು ವಸ್ತುವಿದೆ: ಪೈಪಿನಲ್ಲಿ ನೇರವಾಗಿ ಎಣ್ಣೆ ಬರುವ ಯಾಂತ್ರಿಕ ಪ್ರೆಷರ್ ಮೀಟರು. ಫ್ರಾನ್ಸಿನ ಯೂಜೀನ್ ಬೂರ್ಡೋನ್ 1849ರಲ್ಲಿ ಪೇಟೆಂಟ್ ಪಡೆದ ಯುಕ್ತಿ ಅದು. ಬಿಲ್ಲಿನಂತೆ ಬಾಗಿಸಿದ ಚಪ್ಪಟೆ ಕೊಳವೆಯೊಳಗೆ ಒತ್ತಡ ಹೆಚ್ಚಿದರೆ ಕೊಳವೆ ನೆಟ್ಟಗಾಗಲು ನೋಡುತ್ತದೆ, ಆ ಚಲನೆ ಮುಳ್ಳನ್ನು ತಿರುಗಿಸುತ್ತದೆ. ಉಗಿ ಎಂಜಿನ್ನಿನ ಕಾಲದಲ್ಲಿ ಬಂದ ಈ ಉಪಾಯ ಇವತ್ತಿಗೂ ವೆಲ್ಡಿಂಗಿನ ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರಿನ ಮೇಲೆ ಕುಳಿತಿದೆ. ಬ್ಯಾಟರಿ ಸತ್ತರೂ, ಎಲ್ಲ ವಯರ್ ಸುಟ್ಟರೂ ಅದು ನಿಜ ಹೇಳುತ್ತದೆ. ಆದರೆ ಅದರ ಜಾಗ ಎಂಜಿನ್ ಕೋಣೆ. ಎಣ್ಣೆಯ ಸಪೂರ ತಾಮ್ರದ ಪೈಪನ್ನು ಕ್ಯಾಬಿನ್ನಿನ ಬೋರ್ಡಿನ ತನಕ ತಂದರೆ, ನಡುಕಕ್ಕೆ ಅದು ಬಿರುಕು ಬಿಟ್ಟ ದಿನ ಕಾದ ಎಣ್ಣೆ ತಾಂಡೇಲನ ಮೈಮೇಲೆ ಚಿಮ್ಮುತ್ತದೆ. ಕೆಳಗೊಂದು ಯಾಂತ್ರಿಕ ಮೀಟರು, ಮೇಲೊಂದು ಎಲೆಕ್ಟ್ರಿಕ್ ಮೀಟರು ಇದ್ದರೆ ಒಂದನ್ನು ಇನ್ನೊಂದಕ್ಕೆ ತಾಳೆ ನೋಡಬಹುದು.

ಆರ್‌ಪಿಎಂ ಮೀಟರು ಹೊಸತು ಹಾಕಿದ ಮೇಲೆ ಅಂಕೆ ಹೊಂದಿಸುವ ಕೆಲಸವನ್ನು ಅನೇಕರು ಬಿಟ್ಟೇಬಿಡುತ್ತಾರೆ. ಡೈನಮೋದ ‘ಡಬ್ಲ್ಯೂ’ ಎಂಬ ಕಾಲಿನಿಂದ ಬರುವ ಮಿಡಿತಗಳನ್ನು ಎಣಿಸಿ ಅದು ವೇಗ ಹೇಳುತ್ತದೆ. ಉದಾಹರಣೆಗೆ ಎಂಜಿನ್ 1,500 ಸುತ್ತು ಓಡುವಾಗ, ಪುಲ್ಲಿಗಳ ಅನುಪಾತ ಎರಡೂವರೆ ಆಗಿದ್ದರೆ ಡೈನಮೋ 3,750 ಸುತ್ತು ತಿರುಗುತ್ತದೆ. ಅದರೊಳಗೆ ಆರು ಜೋಡಿ ಧ್ರುವಗಳಿದ್ದರೆ ಸೆಕೆಂಡಿಗೆ 375 ಮಿಡಿತ. ಪುಲ್ಲಿಯೋ ಡೈನಮೋವೋ ಬದಲಾದರೆ ಈ ಲೆಕ್ಕವೂ ಬದಲಾಯಿತು. ಮೀಟರಿನ ಹಿಂದಿರುವ ಸಣ್ಣ ಸ್ವಿಚ್ಚನ್ನೋ ತಿರುಪನ್ನೋ ಹೊಂದಿಸಿ, ಪುಲ್ಲಿಗೆ ಬೆಳ್ಳಿ ಟೇಪಿನ ಚೂರು ಅಂಟಿಸಿ ಕೈಯಲ್ಲಿ ಹಿಡಿಯುವ ಬೆಳಕಿನ ಟ್ಯಾಕೋಮೀಟರಿನಿಂದ ತಾಳೆ ನೋಡಬೇಕು. ಬಲೆ ಎಳೆಯುವಾಗ ಅದೇ ಥ್ರಾಟಲಿಗೆ ನೂರಿನ್ನೂರು ಸುತ್ತು ಇಳಿಯಿತೆಂದರೆ ಬಲೆಗೆ ಏನೋ ಸಿಕ್ಕಿದೆ, ಇಲ್ಲವೆ ತಳಕ್ಕೆ ಚಿಪ್ಪು ಹಿಡಿದಿದೆ, ಇಲ್ಲವೆ ಡೀಸೆಲ್ ಫಿಲ್ಟರ್ ಕಟ್ಟಿದೆ. ಅಂಕೆಯೇ ತಪ್ಪಿದ್ದರೆ ಈ ಸೂಚನೆ ಓದುವುದು ಹೇಗೆ?

ಆರ್‌ಪಿಎಂ ಮೀಟರಿನ ಜೊತೆಗೇ ಗಂಟೆ ಎಣಿಸುವ ಮೀಟರನ್ನೂ ಹಾಕಿಸಬೇಕು. ಲಾರಿಗೆ ಕಿಲೋಮೀಟರ್ ಇದೆ, ಬೋಟಿಗೆ ಗಂಟೆ. ಆಳ ಸಮುದ್ರಕ್ಕೆ ಹೋಗಿ ಹತ್ತು ದಿನ ಹಗಲೂ ರಾತ್ರಿ ಓಡಿದ ಎಂಜಿನ್ನು ಒಂದೇ ಟ್ರಿಪ್ಪಿನಲ್ಲಿ 240 ಗಂಟೆ ದುಡಿದಿರುತ್ತದೆ. 250 ಗಂಟೆಗೊಮ್ಮೆ ಆಯಿಲ್ ಬದಲಿಸಿ ಎಂದು ಪುಸ್ತಕ ಹೇಳುವ ಎಂಜಿನ್ನಿಗೆ ಅದರರ್ಥ ಟ್ರಿಪ್ಪಿಗೊಂದು ಬದಲಾವಣೆ. ನೆನಪಿನ ಲೆಕ್ಕದಲ್ಲಿ ಇದು ತಿಂಗಳಿಗೊಮ್ಮೆಗೆ ಜಾರುತ್ತದೆ, ಮೀಟರಿನ ಲೆಕ್ಕದಲ್ಲಿ ಜಾರುವುದಿಲ್ಲ.

ಮಂಗಳೂರಿನ ಹವೆ ವಯರಿಗೆ ಮಾಡುವ ಹಾನಿ ಹೊರಗಿನಿಂದ ಕಾಣುವುದಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿದ ಮಳೆ, ಉಳಿದ ತಿಂಗಳುಗಳಲ್ಲಿ ಉಪ್ಪಿನ ಗಾಳಿ. ಸಾಮಾನ್ಯ ತಾಮ್ರದ ವಯರಿನ ತುದಿಯಲ್ಲಿ ಸೇರಿದ ಉಪ್ಪುನೀರು, ದೀಪದ ಬತ್ತಿ ಎಣ್ಣೆ ಎಳೆದಂತೆ, ಎಳೆಗಳ ನಡುವೆ ಪ್ಲಾಸ್ಟಿಕ್ಕಿನೊಳಗೇ ಮೊಳಗಟ್ಟಲೆ ಮೇಲೇರುತ್ತದೆ. ಸಿಪ್ಪೆ ಸುಲಿದು ನೋಡಿದರೆ ಕೆಂಪು ತಾಮ್ರದ ಬದಲು ಕಪ್ಪು, ಹಸಿರು ಪುಡಿ. ಅಂಥ ವಯರಿನ ತುದಿಯನ್ನು ಕತ್ತರಿಸಿ ಹೊಸ ಮೀಟರಿಗೆ ಕಟ್ಟುವುದರಲ್ಲಿ ಅರ್ಥವಿಲ್ಲ. ತವರ ಲೇಪಿಸಿದ ಎಳೆಗಳ ಮರೀನ್ ವಯರನ್ನು ಎಂಜಿನ್ನಿನಿಂದ ಬೋರ್ಡಿನ ತನಕ ನಡುವೆ ಒಂದೂ ಗಂಟಿಲ್ಲದೆ ಹೊಸದಾಗಿ ಎಳೆಯಬೇಕು. ಇಡೀ ಕೆಲಸದಲ್ಲಿ ದುಡ್ಡು ಎಲ್ಲಾದರೂ ಕೈಬಿಚ್ಚಿ ಸುರಿಯುವುದಾದರೆ ಇಲ್ಲಿ ಸುರಿಯಬೇಕು. ಮೀಟರುಗಳ ಬ್ರಾಂಡಿನ ಮೇಲೆ ಆಮೇಲೆ ಚೌಕಾಶಿ ಮಾಡೋಣ.

ವಯರಿನ ದಪ್ಪಕ್ಕೂ ಲೆಕ್ಕವಿದೆ. ಬೋರ್ಡಿನ ಎಲ್ಲ ಸಾಮಾನೂ ಸೇರಿ 10 ಆಂಪಿಯರ್ ಎಳೆಯುತ್ತವೆ, ಬ್ಯಾಟರಿಯಿಂದ ಬೋರ್ಡು 8 ಮೀಟರ್ ದೂರ ಎನ್ನಿ. ಹೋಗಿ ಬರುವುದು ಸೇರಿ 16 ಮೀಟರ್. ಎರಡೂವರೆ ಚದರ ಮಿಲಿಮೀಟರಿನ ವಯರ್ ಹಾಕಿದರೆ ದಾರಿಯಲ್ಲೇ ಒಂದು ವೋಲ್ಟಿಗೂ ಮಿಕ್ಕಿ ಕಳೆದುಹೋಗುತ್ತದೆ. ಆರು ಚದರ ಮಿಲಿಮೀಟರಿನದಾದರೆ ಅರ್ಧ ವೋಲ್ಟಿಗಿಂತ ಕಡಿಮೆ. ಮೀಟರಿನ ಸಂಕೇತ ಒಯ್ಯುವ ವಯರುಗಳಿಗೆ ಒಂದೂವರೆ ಚದರ ಮಿಲಿಮೀಟರ್ ಸಾಕು. ತುದಿಗಳನ್ನು ಬರಿಗೈಯಲ್ಲಿ ತಿರುಚಿ ಟೇಪು ಸುತ್ತುವುದು ಬೇಡ. ಬರೀ ಬೆಸುಗೆಯೂ ಬೇಡ, ಬೆಸುಗೆ ಮುಗಿಯುವ ಅಂಚಿನಲ್ಲೇ ನಡುಕಕ್ಕೆ ಎಳೆಗಳು ತುಂಡಾಗುತ್ತವೆ. ಸರಿಯಾದ ಅಳತೆಯ ಲಗ್ಗನ್ನು ಸರಿಯಾದ ಇಕ್ಕಳದಿಂದ ಒತ್ತಿ, ಒಳಗೆ ಅಂಟಿರುವ ಹೀಟ್ ಶ್ರಿಂಕ್ ಕೊಳವೆ ಹಾಕಿ ಬಿಸಿ ಮಾಡಬೇಕು. ಫ್ಯೂಸು ಇರಬೇಕಾದದ್ದು ಬೋರ್ಡಿನಲ್ಲಿ ಮಾತ್ರವಲ್ಲ, ಬ್ಯಾಟರಿಯ ಹತ್ತಿರದಲ್ಲೂ, ಒಂದು ಗೇಣಿನೊಳಗೆ. ಆ ಫ್ಯೂಸು ಕಾಯುವುದು ವಯರನ್ನು. ಅದು ಇಲ್ಲದಿದ್ದರೆ ಎಂಜಿನ್ ಕೋಣೆಯಲ್ಲಿ ವಯರ್ ಉಜ್ಜಿ ಶಾರ್ಟ್ ಆದಾಗ ಬೆಂಕಿಗೆ ಬ್ಯಾಟರಿಯ ಪೂರ್ತಿ ಶಕ್ತಿ ಸಿಗುತ್ತದೆ.

ಮರದ ಬೋಟಿನ ಜಾಗದಲ್ಲಿ ಕಬ್ಬಿಣದ ಬೋಟು ಬಂದ ಮೇಲೆ ಇನ್ನೊಂದು ಚಾಳಿ ಸೇರಿಕೊಂಡಿದೆ. ಲಾರಿಯಲ್ಲಿ ಚಾಸಿಯನ್ನೇ ಅರ್ಥ್ ಮಾಡುವ ಹಾಗೆ ಬೋಟಿನ ಮೈಯನ್ನೇ ಕರೆಂಟಿನ ಹಿಂದಿರುಗುವ ದಾರಿಯಾಗಿ ಬಳಸುವುದು. ಒಂದು ವಯರ್ ಉಳಿಯುತ್ತದೆ ನಿಜ. ಆದರೆ ಉಪ್ಪುನೀರಿನಲ್ಲಿ ಮುಳುಗಿದ ಉಕ್ಕಿನೊಳಗೆ ಹೀಗೆ ಕರೆಂಟು ಅಡ್ಡಾಡಿದರೆ ತಳದ ತಗಡನ್ನೂ ಪ್ರೊಪೆಲ್ಲರಿನ ಸುತ್ತಲ ಲೋಹವನ್ನೂ ಅದು ತಿನ್ನುತ್ತದೆ. ಬಣ್ಣ ಬಳಿದು, ಸತುವಿನ ತುಂಡು ಕಟ್ಟಿ ತುಕ್ಕು ತಡೆಯಲು ಪಟ್ಟ ಶ್ರಮವೆಲ್ಲ ಒಂದು ವಯರಿನ ಉಳಿತಾಯಕ್ಕೆ ಹೋಗುತ್ತದೆ. ಬೋಟು ಮರದ್ದಿರಲಿ, ಉಕ್ಕಿನದಿರಲಿ, ಪ್ರತಿ ಮೀಟರಿಗೂ ಪ್ರತಿ ದೀಪಕ್ಕೂ ಹಿಂದಿರುಗುವ ವಯರ್ ಬೇರೆಯೇ ಇರಬೇಕು, ಎಲ್ಲವೂ ಬೋರ್ಡಿನ ಹಿಂದೆ ಒಂದು ತಾಮ್ರದ ಪಟ್ಟಿಯಲ್ಲಿ ಸೇರಬೇಕು.

ಇಷ್ಟಾದ ಮೇಲೆ ಬೋರ್ಡಿನ ಹಲಗೆ. ಬ್ಯಾಟರಿ ಕಳಚಿ, ಹಳೆಯದರ ಹಿಂಬದಿಯ ಫೋಟೊ ತೆಗೆದು, ಕತ್ತರಿಸುವ ಮೊದಲೇ ಪ್ರತಿ ವಯರಿಗೂ ಎರಡೂ ತುದಿಯಲ್ಲಿ ಒಂದೇ ನಂಬರಿನ ಚೀಟಿ ಕಟ್ಟಬೇಕು. ಹಳೆ ತೂತುಗಳಿಗೆ ಹೊಸ ಮೀಟರು ಹೊಂದಿಸಲು ಹೆಣಗುವುದಕ್ಕಿಂತ ಹೊಸ ಹಲಗೆ ಕತ್ತರಿಸುವುದು ಲೇಸು. 12 ಮಿಲಿಮೀಟರಿನ ಮರೀನ್ ಪ್ಲೈವುಡ್ಡಿನ ಎಲ್ಲ ಅಂಚಿಗೂ, ತೂತಿನ ಒಳಮೈಗೂ ಎಪಾಕ್ಸಿ ಬಳಿದರೆ ಚೆನ್ನಾಗಿ ಬಾಳುತ್ತದೆ. ಅಲ್ಯೂಮಿನಿಯಂ ತಗಡೂ ಒಳ್ಳೆಯದೇ. ಅದಕ್ಕೆ ಸ್ಟೀಲ್ ಸ್ಕ್ರೂ ನೇರವಾಗಿ ಹಾಕಿದರೆ ಉಪ್ಪಿನ ತೇವದಲ್ಲಿ ಅಲ್ಯೂಮಿನಿಯಂ ಪುಡಿಯಾಗುತ್ತದೆ, ನಡುವೆ ನೈಲಾನ್ ವಾಷರ್ ಬೇಕು. ಸಣ್ಣ ಮೀಟರುಗಳ ತೂತು ಸಾಮಾನ್ಯವಾಗಿ 52 ಮಿಲಿಮೀಟರ್, ಆರ್‌ಪಿಎಂ ಮೀಟರಿನದು 85. ಮೊದಲು ರಟ್ಟಿನಲ್ಲಿ ಕತ್ತರಿಸಿ, ಚುಕ್ಕಾಣಿ ಹಿಡಿದು ನಿಂತು ನೋಡಬೇಕು: ಕೈ ಅಡ್ಡ ಬರುತ್ತದೆಯೇ, ಸಂಜೆಯ ಬಿಸಿಲು ಗಾಜಿಗೆ ಹೊಡೆಯುತ್ತದೆಯೇ. ಪ್ರೆಷರ್, ಟೆಂಪರೇಚರ್ ಎರಡೂ ನೇರ ನೋಟದಲ್ಲಿರಲಿ, ಡೀಸೆಲ್ ಮೀಟರು ಬದಿಗಿದ್ದರೂ ನಡೆಯುತ್ತದೆ. ಎಂಜಿನ್ ಆರೋಗ್ಯವಾಗಿ ಓಡುವಾಗ ಎಲ್ಲ ಮುಳ್ಳುಗಳೂ ನೆಟ್ಟಗೆ ಮೇಲಕ್ಕೆ ತೋರುವಂತೆ ಮೀಟರುಗಳನ್ನು ತುಸು ತಿರುಗಿಸಿ ಕೂರಿಸುವ ಒಂದು ಹಳೆಯ ಉಪಾಯವಿದೆ. ಆಗ ಅಂಕೆ ಓದಬೇಕಾಗಿಲ್ಲ, ಓರೆಯಾದ ಮುಳ್ಳು ತಾನಾಗಿ ಕಣ್ಣಿಗೆ ಬೀಳುತ್ತದೆ. ನಿದ್ದೆಗೆಟ್ಟ ಎಂಟನೇ ರಾತ್ರಿಯ ತಾಂಡೇಲನಿಗೆ ಇದರಿಂದ ಎಷ್ಟು ಸಹಾಯವೆಂದು ಊಹಿಸಿಕೊಳ್ಳಿ.

ಹಲಗೆಯ ಕೆಳಗಂಚಿಗೆ ತಿರುಗಣಿ ಹಾಕಿ, ಎರಡು ಸ್ಕ್ರೂ ಬಿಚ್ಚಿದರೆ ಬೋರ್ಡು ಮುಂದಕ್ಕೆ ಬಾಗುವಂತಿರಬೇಕು. ಅಲೆಯಲ್ಲಿ ಕುಲುಕುವ ಬೋಟಿನಲ್ಲಿ ರಿಪೇರಿ ಮಾಡುವವನಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ವಯರುಗಳು ಕೆಳಗಿನಿಂದ ಮೇಲಕ್ಕೆ ಬರಲಿ, ಮೇಲಿನಿಂದ ಇಳಿದರೆ ಮಳೆನೀರೂ ಅವುಗಳ ಜೊತೆ ಇಳಿಯುತ್ತದೆ. ರಾತ್ರಿ ಬೋರ್ಡಿನ ಬೆಳಕು ಮುಂದಿನ ಗಾಜಿನಲ್ಲಿ ಪ್ರತಿಫಲಿಸಿ ಕಡಲನ್ನೇ ಮರೆಸಬಾರದು, ಮಂದ ಮಾಡುವ ಗುಬುಟು ಅಗತ್ಯ. ದಿಕ್ಸೂಚಿಯ ಹತ್ತಿರ ಸ್ಪೀಕರ್, ಮೀಟರು ಬಂದರೆ ಅದರ ಮುಳ್ಳು ತಪ್ಪುತ್ತದೆ. ಕೆಲಸ ಮುಗಿದ ಮೇಲೆ ಒಂದೊಂದೇ ಸ್ವಿಚ್ ಹಾಕಿ ದಿಕ್ಸೂಚಿ ಅಲುಗುತ್ತದೆಯೇ ನೋಡುವುದು ಒಳ್ಳೆಯದು.

ಸ್ವಿಚ್ಚುಗಳಿಗೆ ಹೆಸರು ಬರೆಯುವುದನ್ನು ಸಣ್ಣ ಕೆಲಸವೆಂದು ಬಿಡಬಾರದು. ಇವತ್ತು ಮಂಗಳೂರಿನ ಬೋಟುಗಳಲ್ಲಿ ತುಳು, ಬ್ಯಾರಿ, ಕನ್ನಡ, ಮಲಯಾಳದವರ ಜೊತೆ ತಮಿಳುನಾಡು, ಆಂಧ್ರ, ಒಡಿಶಾ, ಜಾರ್ಖಂಡದ ಕಲಾಸಿಗಳೂ ದುಡಿಯುತ್ತಾರೆ. ಅಕ್ಷರಕ್ಕಿಂತ ಚಿತ್ರ ವಾಸಿ, ಅದರ ಕೆಳಗೆ ಎರಡು ಭಾಷೆ. ಯಾವ ದೀಪ ಯಾವಾಗ ಉರಿಯಬೇಕೆಂಬುದಕ್ಕೆ 1972ರ ಅಂತರರಾಷ್ಟ್ರೀಯ ನಿಯಮವಿದೆ. ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಟ್ರಾಲ್ ಬಲೆ ಎಳೆಯುವಾಗ ಎತ್ತರದಲ್ಲಿ ಹಸಿರಿನ ಕೆಳಗೆ ಬಿಳಿ. ನವಮಂಗಳೂರು ಬಂದರಿಗೆ ಬರುವ, ಈ ಕರಾವಳಿಯುದ್ದಕ್ಕೂ ಹಾದುಹೋಗುವ ಹಡಗುಗಳಿಗೆ ನಮ್ಮ ಬೋಟಿನ ಗುರುತು ಆ ದೀಪಗಳೇ. 2021ರ ಏಪ್ರಿಲ್ 13ರ ನಸುಕಿನಲ್ಲಿ ಕೇರಳದ ಬೇಪೂರಿನಿಂದ ಹೊರಟಿದ್ದ ರಬಾ ಎಂಬ ಮೀನುಗಾರಿಕಾ ಬೋಟಿಗೂ ಸಿಂಗಪುರದ ಸರಕು ಹಡಗು ಎಪಿಎಲ್ ಲಿ ಹಾವ್ರೆಗೂ ಮಂಗಳೂರಿನಾಚೆಯ ಕಡಲಿನಲ್ಲಿ ಡಿಕ್ಕಿಯಾಯಿತು. ಬೋಟಿನಲ್ಲಿದ್ದ 14 ಮಂದಿಯಲ್ಲಿ ಜೀವಂತವಾಗಿ ಸಿಕ್ಕವರು ಇಬ್ಬರು. ಆ ರಾತ್ರಿ ತಪ್ಪು ಯಾರದೆಂಬ ತೀರ್ಮಾನ ನನ್ನದಲ್ಲ. ಆದರೆ ಕತ್ತಲೆಯ ಕಡಲಿನಲ್ಲಿ ತನ್ನ ದೀಪ ಉರಿಯುತ್ತಿದೆ ಎಂದು ಕ್ಯಾಬಿನ್ನಿನಲ್ಲಿ ನಿಂತವನಿಗೆ ಗೊತ್ತಾಗಬೇಕು. ಮಾಸ್ಟಿನ ಬಲ್ಬು ಸುಟ್ಟರೆ ಬೋರ್ಡಿನ ಸಣ್ಣ ದೀಪವೂ ಆರುವಂತೆ ಜೋಡಿಸುವುದು ಕಷ್ಟದ ಕೆಲಸವಲ್ಲ.

ಬೋಟು ಎಲ್ಲಿದೆ ಎಂದು ಹೊರಗೆ ತಿಳಿಸುವ ಎಐಎಸ್, ಟ್ರಾನ್ಸ್‌ಪಾಂಡರ್, ಮಾತಾಡುವ ವಿಎಚ್‌ಎಫ್ ಮೂರಕ್ಕೂ ಎಂಜಿನ್ನಿನ ಚಾವಿಗೆ ಸಂಬಂಧವಿಲ್ಲದ ಪ್ರತ್ಯೇಕ ಫ್ಯೂಸಿನ ದಾರಿ ಬೇಕು, ಎಂಜಿನ್ ನಿಂತ ಹೊತ್ತೇ ಅವು ಹೆಚ್ಚು ಬೇಕಾಗುವ ಹೊತ್ತು. ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು 2018ರ ಡಿಸೆಂಬರಿನಲ್ಲಿ ಏಳು ಜನರೊಂದಿಗೆ ಕಣ್ಮರೆಯಾಗಿ, ಅದರ ಅವಶೇಷ ನೌಕಾಪಡೆಗೆ ಮಹಾರಾಷ್ಟ್ರದ ಮಾಲ್ವಣದ ಕಡಲಿನಲ್ಲಿ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಆ ತಿಂಗಳುಗಳ ಕಾಯುವಿಕೆಯನ್ನು ಕರಾವಳಿ ಮರೆತಿಲ್ಲ. ಬೋರ್ಡಿನ ಮೂಲೆಯಲ್ಲಿ ಕೋಸ್ಟ್ ಗಾರ್ಡಿನ 1554, ಕರಾವಳಿ ಕಾವಲು ಪೊಲೀಸರ 1093, ವಿಎಚ್‌ಎಫ್ ಚಾನೆಲ್ 16 ಎಂದು ದೊಡ್ಡ ಅಂಕೆಯಲ್ಲಿ ಬರೆದು ವಾರ್ನಿಶ್ ಬಳಿದುಬಿಡಬೇಕು.

ಡಿಜಿಟಲ್ ಪರದೆಯ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಇತ್ತೀಚಿನ ಕಂಪ್ಯೂಟರ್ ನಿಯಂತ್ರಿತ ಎಂಜಿನ್ನುಗಳು ತಮ್ಮದೇ ಪರದೆಯೊಂದಿಗೆ ಬರುತ್ತವೆ, ಒಂದೇ ಕೇಬಲಿನಲ್ಲಿ ಎಲ್ಲ ಮಾಹಿತಿ ಹರಿಯುತ್ತದೆ, ಯಾವ ತೊಂದರೆ ಎಂದು ಸಂಕೇತದ ಅಂಕೆಯನ್ನೂ ತೋರಿಸುತ್ತವೆ. ಯಾಂತ್ರಿಕ ಪಂಪಿನ ಹಳೆ ಎಂಜಿನ್ನಿಗೆ ಅಂಥ ಪರದೆ ಕಟ್ಟಲು ನಡುವೆ ಸಂಕೇತ ಬದಲಿಸುವ ಪೆಟ್ಟಿಗೆ ಬೇಕು, ಅದಕ್ಕೂ ವಯರ್ ಬೇಕು, ಕೆಟ್ಟರೆ ಎಲ್ಲ ಮೀಟರೂ ಒಟ್ಟಿಗೇ ಕತ್ತಲೆ. ಹಳೆ ಬೋಟಿಗೆ ಮುಳ್ಳಿನ ಮೀಟರುಗಳೇ ಸರಿ ಎಂಬುದು ನನ್ನ ಪಕ್ಷ. ಪ್ರತಿಯೊಂದಕ್ಕೂ ತನ್ನದೇ ವಯರು. ಒಂದು ಹೋದರೆ ಉಳಿದವು ಉಳಿಯುತ್ತವೆ, ಬಂದರಿನ ಯಾವ ಎಲೆಕ್ಟ್ರಿಷಿಯನ್ನಿಗಾದರೂ ಕೈಗೆ ಸಿಗುತ್ತವೆ.

ಜುಲೈ ಕೊನೆಗೆ ಬೋರ್ಡು ಕೂತಿತೆಂದರೆ ಮೊದಲ ಓಟ ಹೊಳೆಯೊಳಗೇ ಆಗಬೇಕು. ಎಂಜಿನ್ ಬಿಸಿಯಾಗಲು ಬಿಟ್ಟು, ನಿಧಾನ, ನಡುವೇಗ, ಪೂರ್ಣವೇಗ ಮೂರರಲ್ಲೂ ಪ್ರೆಷರ್, ಬಿಸಿ, ವೋಲ್ಟ್ ಎಷ್ಟೆಂದು ಬರೆದಿಟ್ಟುಕೊಳ್ಳಬೇಕು. ಸುಸ್ಥಿತಿಯಲ್ಲಿದ್ದಾಗ ಈ ಎಂಜಿನ್ನಿನ ಅಂಕೆಗಳು ಇವು ಎಂಬ ದಾಖಲೆ ಇದ್ದರೆ ಡಿಸೆಂಬರಿನಲ್ಲಿ ಪ್ರೆಷರ್ ಚದರ ಸೆಂಟಿಮೀಟರಿಗೆ ಅರ್ಧ ಕೆಜಿ ಇಳಿದದ್ದು ಗೊತ್ತಾಗುತ್ತದೆ, ಇಲ್ಲದಿದ್ದರೆ ಯಾವುದಕ್ಕೆ ಹೋಲಿಸುವುದು? ನೂಲ ಹುಣ್ಣಿಮೆಯ ಸಮುದ್ರಪೂಜೆ ಕಳೆದು ಮೀನುಗಾರಿಕೆ ರಂಗೇರುವ ಹೊತ್ತಿಗೆ, ಮೊದಲ ಟ್ರಿಪ್ಪು ಮುಗಿಸಿ ದಕ್ಕೆಗೆ ಬಂದ ದಿನ, ಬೋರ್ಡು ಬಾಗಿಸಿ ಹಿಂದಿನ ಎಲ್ಲ ನಟ್ಟುಗಳನ್ನು ಇನ್ನೊಮ್ಮೆ ಬಿಗಿಮಾಡಬೇಕು. ಹತ್ತು ದಿನದ ನಡುಕ ಯಾವುದನ್ನಾದರೂ ಸಡಿಲಿಸಿಯೇ ಇರುತ್ತದೆ. ವಯರುಗಳ ನಕ್ಷೆಯನ್ನೂ ನಂಬರಿನ ಪಟ್ಟಿಯನ್ನೂ ಲ್ಯಾಮಿನೇಟ್ ಮಾಡಿಸಿ ಹಲಗೆಯ ಒಳಮೈಗೆ ಅಂಟಿಸಿ, ಅದರ ಫೋಟೊ ಒಂದನ್ನು ಮಾಲೀಕರ ಫೋನಿನಲ್ಲೂ ಇನ್ನೊಂದನ್ನು ತಾಂಡೇಲರ ಫೋನಿನಲ್ಲೂ ಇಡಬೇಕು. ರತ್ನಗಿರಿಯಲ್ಲೋ ಗೋವಾದಲ್ಲೋ ಬೋಟು ನಿಂತ ದಿನ ಅಲ್ಲಿಯ ಎಲೆಕ್ಟ್ರಿಷಿಯನ್ ಮೊದಲು ಕೇಳುವುದು ಅದನ್ನೇ.